ಜುಲುಮಿ

ಮೂರನೇ ಸಾಕ್ಷಿ ಅಮರಮ್ಮ,
ಲಿಂಗಸುಗೂರು ಕೋರ್ಟಿನ ಕಟಕಟೆಯ ಕಟ್ಟಿಗೆ
ಮುಟ್ಟಲೋ ಬೇಡವೋ ಎಂಬಂತೆ ನಿಂತವಳು,
ಹೇಳಿದ್ದು ಒಂದೇ ಮಾತು:
'ಜುಲುಮಿ ಮಾಡ್ಯಾನ್ರಿ.'

ಟೈಪು ಮಾಡಿದೆ.
ಪರದೆಯಲ್ಲಿ ಆ ಪದದ ಕೆಳಗೆ
ಕೆಂಪು ಗೆರೆ ಹುಳದಂತೆ ಹರಿಯಿತು,
ಇಂಥದ್ದು ತನಗೆ ಗೊತ್ತಿಲ್ಲ ಎಂದಿತು ಯಂತ್ರ.
ಮೈಸೂರು ಕಡೆಯ ಸಾಹೇಬರು ಕನ್ನಡಕ ತೆಗೆದು,
'ಬಲವಂತ ಅಂತ ಹಾಕಿ,' ಎಂದರು.

ಹಾಕುವುದಕ್ಕೇನು. ಇಪ್ಪತ್ತೆರಡು ವರ್ಷ
ಬಡಿತವನ್ನು ಹಲ್ಲೆ ಎಂದು,
ಬೈಗುಳವನ್ನು ಅವಾಚ್ಯ ಶಬ್ದ ಎಂದು
ಇಸ್ತ್ರಿ ಮಾಡಿ ಮಡಚಿಟ್ಟವನು ನಾನು.
ಆದರೆ ಜುಲುಮಿಯಲ್ಲಿ
ನಿಜಾಮಶಾಹಿಯ ಲೆವಿ ಜೋಳಕ್ಕೆ
ಹಗೇವಿನ ಬಾಯಿ ತೆಗೆಸಿದ ರಾತ್ರಿಯಿದೆ.
ಅದರ ಮಗ್ಗುಲಲ್ಲೇ ಜುಲ್ಮಾನೆ ಕೂತಿದೆ;
ಒಂದೇ ತಾಯಿಯ ಮಕ್ಕಳಲ್ಲ,
ರಸೀದಿ ಕೊಟ್ಟು ಕಸಿದರೆ ಅದು, ಕೊಡದಿದ್ದರೆ ಇದು.
ನಮ್ಮಜ್ಜಿ ಒಂದು ಹೋತಕ್ಕೆ ಜುಲುಮ್ಯಾ ಎಂದೇ ಹೆಸರಿಟ್ಟಿದ್ದಳು.
ಹಗ್ಗ ಹರಿದು ಕಂಡವರ ಸಜ್ಜೆ ಮೇಯ್ದು ಬಂದರೆ
ಕೋಲು ಹಿಡಿದು ಹೋಗಿ, ಕೊಂಬು ತುರಿಸಿ ಬರುತ್ತಿದ್ದಳು.

ಬೆರಳು ಕೀಲಿಯ ಮೇಲೇ ನಿಂತಿತ್ತು.
ಎದುರುಪಕ್ಷದ ವಕೀಲ ಪಂಪನಗೌಡ ಎದ್ದ.

'ಅಲ್ಲಬೇ, ಬೀಗರ ಮನ್ಯಾಗ ಇನ್ನೊಂದು ಹೋಳಿಗಿ ಅಂತ
ಎಡಿ ಮ್ಯಾಲ ಬಾಗತಾರಲ್ಲ, ಅದಕ್ಕೇನಂತಿ?'
'ಜುಲುಮಿ ಅಂತೀವ್ರಿ.'
'ಬಳಿ ಮಾರೋ ಖಾಸಿಂಬಿ ಕೈ ಹಿಚುಕಿ, ಎಲುವು ಮಡಚಿ
ಬಳಿ ಏರಸ್ತಾಳ. ಅದು?'
'ಅದೂ ಜುಲುಮಿನ ರೀ.'
'ಮಳಿಗೆ ಉಬ್ಬಿದ ಬಾಗಲಾ?'
'ಜುಲುಮಿ ಮಾಡೇ ಹಾಕಬೇಕ್ರಿ.'

ವಕೀಲ ಸಾಹೇಬರತ್ತ ತಿರುಗಿದ,
ಮುಖದಲ್ಲಿ ಆಗಷ್ಟೇ ಉಂಡೆದ್ದ ಕಳೆ.
'ನೋಡಿ ಸ್ವಾಮಿ. ಪ್ರೀತಿಗೂ ಅದೇ, ಬಾಗಿಲಿಗೂ ಅದೇ.
ಸೂಗಪ್ಪ ಪ್ಲಾಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಅಂದದ್ದು
ಹೋಳಿಗೆಯ ಥರ ಯಾಕಿರಬಾರದು?'

ಫ್ಯಾನು ಒಂದೊಂದೇ ಸುತ್ತು ಎಣಿಸಿತು.
ಹೊರಗೆ ಬೇವಿನ ಬುಡದಲ್ಲಿ
ಸುಸಲಾಕ್ಕೆ ಒಗ್ಗರಣೆ ಬಿದ್ದ ವಾಸನೆ.
ಅಮರಮ್ಮ ಸೆರಗಿನ ತುದಿಯನ್ನು ಹಲ್ಲಿಗೆ ತಂದು, ಬಿಟ್ಟಳು.

'ಹೋಳಿಗಿ ನೀಡಾಕಿ, ನಾ ಬ್ಯಾಡ ಅಂದ್ರ
ಮಾರಿ ಸಣ್ಣದು ಮಾಡತಿದ್ಲ್ರಿ.
ಖಾಸಿಂಬಿ, ನಾ ಹಾಯ್ ಅಂದ್ರ ಕೈ ಸಡ್ಲ ಬಿಡತಾಳ.
ಇವಾ, ನಾ ಬ್ಯಾಡ ಅಂದ್ರ
ನಕ್ಕ.'

'ನಕ್ಕಿದ್ದು ಪ್ರಶ್ನೆಗೆ ಸಂಬಂಧವಿಲ್ಲ,' ಎಂದ ಪಂಪನಗೌಡ.
ಸಾಹೇಬರು ಗಡಿಯಾರ ನೋಡಿದರು.
ಬಲವಂತದ ಮಾತು ಅವರೂ ಮತ್ತೆ ಎತ್ತಲಿಲ್ಲ,
ನಾನೂ ಕೇಳಲಿಲ್ಲ.
ಕೆಂಪು ಗೆರೆ ಹಾಗೇ ಉಳಿಯಿತು.
ಛಾಪಿಸಿದರೆ ಅದು ಕಾಣುವುದಿಲ್ಲ.

ಓದಿ ಹೇಳಿದೆ. ಖರೇ ಐತ್ರಿ, ಎಂದಳು.
ಇನ್ನು ಹೆಬ್ಬೆಟ್ಟು.
ಸಾಕ್ಷಿಯ ಎಡಗೈ ಹಿಡಿದು
ಬೆರಳನ್ನು ಮಸಿಯಲ್ಲಿ ಹೊರಳಿಸಿ
ಕಾಗದಕ್ಕೆ ಅದುಮುವುದು ನಮ್ಮ ರೂಢಿ;
ಗೆರೆ ಕಲೆಸಬಾರದು ನೋಡಿ.
ಎಷ್ಟು ಸಾವಿರ ಬೆರಳು ಹಿಡಿದಿದ್ದೇನೋ,
ಒಂದರ ಬಿಸಿಯೂ ನೆನಪಿಲ್ಲ.
ಕೈ ಚಾಚಿದೆ.
ಅವಳ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು,
ಆಮೆ ತಲೆ ಎಳೆದುಕೊಂಡ ಹಾಗೆ.

ಪ್ಯಾಡು ಅವಳ ಕಡೆ ಸರಿಸಿ
ಕಿಟಕಿಗೆ ಮುಖ ಮಾಡಿ ನಿಂತೆ.
ಬೇವಿನ ಕೆಳಗೆ ಯಾರೋ ಯಾರಿಗೋ
ಚಹಾದ ದುಡ್ಡು ಕೊಡಗೊಡದೆ ಜಗಳಾಡುತ್ತಿದ್ದರು,
'ಏ, ಜುಲುಮಿ ಮಾಡಬ್ಯಾಡೋ ಮಾರಾಯಾ.'

ತಿರುಗಿದಾಗ ಗುರುತು ಬಿದ್ದಿತ್ತು.
ಸೊಟ್ಟ, ಅರ್ಧ ಚೌಕದಾಚೆ,
ಒಂದಂಚು ಕಲೆಸಿ. ಆಫೀಸಿನಿಂದ
ಆಕ್ಷೇಪಣೆ ಬಂದೇ ಬರುತ್ತದೆ.
ಮಸಿ ಒರೆಸಿಕೊಳ್ಳಲು ಅರಿವೆ ಮುಂದೆ ಮಾಡಿದೆ.
ಬ್ಯಾಡ್ರಿ, ಎಂದಳು.
ಅರಿವೆ ಮಡಚಿ ಮೇಜಿನ ಖಾನೆಯಲ್ಲಿಟ್ಟೆ.